ಆಟದ ಪೆಟ್ಟಿಗೆಯ ರವಿಕೆ

ಕಾರವಾರದ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಗಳ ಬಾಗಿಲಿಗೆ ಈಗ ಬಣ್ಣಬಣ್ಣದ ಹಾಳೆಗಳನ್ನು ತೂಗಹಾಕಿರುತ್ತಾರೆ. ಹುಲಿಪಟ್ಟೆ, ನವಿಲುಗರಿ, ಮರದ ನಾರು, ಕ್ರಿಕೆಟ್ ಆಟಗಾರರು, ದೇವರುಗಳು, ಸಿನಿಮಾದ ಖಳನಾಯಕರು ಎಲ್ಲರೂ ಒಂದೇ ಹಗ್ಗಕ್ಕೆ ಜೋತುಬಿದ್ದಿರುತ್ತಾರೆ. ಮುಂದೆ ಚಿತ್ರ, ಹಿಂದೆ ಅಂಟು. ಇವಕ್ಕೆ ‘ಸ್ಕಿನ್’ ಎಂದು ಹೆಸರು. ಫೋನಿನ ಬೆನ್ನಿಗೆ, ಲ್ಯಾಪ್‌ಟಾಪಿನ ಮುಚ್ಚಳಕ್ಕೆ, ಮಕ್ಕಳು ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತ ಆಡುತ್ತಾರಲ್ಲ, ಆ ವಿಡಿಯೋ ಗೇಮಿನ ಪೆಟ್ಟಿಗೆಗೆ ಅಳತೆಗೆ ಸರಿಯಾಗಿ ಕತ್ತರಿಸಿ ಹಚ್ಚುತ್ತಾರೆ. ಬೇಸರ ಬಂದರೆ ಕಿತ್ತು ಬೇರೆ ಹಚ್ಚಬಹುದು. ಒಳಗಿನ ಪೆಟ್ಟಿಗೆ ಮೊದಲಿದ್ದಂತೆಯೇ ಇರುತ್ತದೆ, ಇರಬೇಕು. ಅದೇ ಇದರ ಹೆಚ್ಚುಗಾರಿಕೆ.

ಸ್ಕಿನ್ ಎಂದರೆ ಚರ್ಮ. ಈ ಹೆಸರು ನನಗೆ ಒಗ್ಗಲೇ ಇಲ್ಲ. ಚರ್ಮವನ್ನು ಯಾರಾದರೂ ತಿಂಗಳಿಗೊಮ್ಮೆ ಬದಲಿಸುತ್ತಾರೆಯೇ? ಹಾವಿಗೂ ಅಷ್ಟು ಅವಸರವಿಲ್ಲ. ನನ್ನನ್ನು ಕೇಳಿದರೆ ಇದು ರವಿಕೆ. ಮೈಗೆ ಅಂಟಿದಂತೆ ಕೂರಬೇಕು, ಅಂಚಿನಲ್ಲಿ ಸುಕ್ಕು ಬೀಳಬಾರದು, ಗುಂಡಿ ಇರುವಲ್ಲಿ ಸರಿಯಾಗಿ ಕಾಜ ಇರಬೇಕು. ಟೇಲರನ ಹತ್ತಿರ ಅಳತೆ ಕೊಟ್ಟು ತಿಂಗಳುಗಟ್ಟಲೆ ಅಲೆದವರಿಗೆ ಈ ಕೆಲಸದ ಸೂಕ್ಷ್ಮ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೊಂದು ಇತಿಹಾಸವೇ ಎಂದು ನೀವು ನಗಬಹುದು. ಕದಂಬರು, ವಿಜಯನಗರ, 1857, ನಮ್ಮ ಅಂಕೋಲೆಯ 1930ರ ಉಪ್ಪಿನ ಸತ್ಯಾಗ್ರಹ ಎಂದು ವರ್ಷವರ್ಷವೂ ಪಾಠ ಮಾಡುತ್ತ ಬಂದವಳು ನಾನು. ಪಾಠ ಮಾಡುತ್ತಲೇ, ಮಕ್ಕಳು ಡೆಸ್ಕಿನಡಿ ಏನು ಹಿಡಿದುಕೊಂಡಿದ್ದಾರೆ ಎಂದು ನೋಡುವುದೂ ನನ್ನ ಉದ್ಯೋಗದ ಭಾಗವೇ. ರಾಜರು ಏನು ಕಟ್ಟಿಸಿದರು ಎಂಬುದಕ್ಕೆ ಶಾಸನವಿದೆ. ತನ್ನದಲ್ಲದ ವಸ್ತುವನ್ನು ಒಬ್ಬಳು ಹೇಗೆ ತನ್ನದು ಮಾಡಿಕೊಂಡಳು ಎಂಬುದಕ್ಕೆ ಶಾಸನ ಇರುವುದಿಲ್ಲ. ಹೆಚ್ಚೆಂದರೆ ಒಂದು ಸ್ಟಿಕರ್ ಇರುತ್ತದೆ.

ಮೊದಲು ಅಂಟಿನ ಮಾತು. ನಮ್ಮ ಬಾಲ್ಯದಲ್ಲಿ ಅಂಟು ಎಂದರೆ ಅನ್ನದ ಅಗುಳು. ಜಾಸ್ತಿ ಕೆಲಸವಿದ್ದರೆ ಮೈದಾ ಕುದಿಸಿದ ಗಂಜಿ. ಪಟ್ಟಿಗೆ ಹೆಸರಿನ ಚೀಟಿ ಹಚ್ಚಲು, ಗಾಳಿಪಟಕ್ಕೆ ಬಾಲ ಹಚ್ಚಲು ಅದೇ. ಆ ಅಂಟಿನ ಗುಣವೇನೆಂದರೆ ಒಣಗಿದ ಮೇಲೆ ಹಿಡಿಯುವುದು, ಹಿಡಿದ ಮೇಲೆ ಬಿಡದಿರುವುದು. ಕೀಳಹೋದರೆ ಕೆಳಗಿನ ಕಾಗದವನ್ನೂ ಕಿತ್ತುಕೊಂಡೇ ಬರುವುದು. ಜಿರಲೆ ತಿಂದರೆ ಮಾತ್ರ ಬಿಡುಗಡೆ. ಸ್ಟಿಕರಿನ ಅಂಟು ಬೇರೆ ಜಾತಿಯದು. ಅದು ಎಂದೂ ಪೂರ್ತಿ ಒಣಗುವುದಿಲ್ಲ. ನೀರೂ ಅಲ್ಲ, ಗಟ್ಟಿಯೂ ಅಲ್ಲ, ಹಲಸಿನ ಮಯಣದ ಹಾಗೆ ನಡುವಿನ ಸ್ಥಿತಿಯಲ್ಲೇ ಇದ್ದುಬಿಡುತ್ತದೆ. ಬೆರಳಿನಿಂದ ಒತ್ತಿದರೆ ಹಿಡಿಯುತ್ತದೆ, ತುದಿಯಿಂದ ಮೆಲ್ಲಗೆ ಎಳೆದರೆ ಬಿಡುತ್ತದೆ.

ಇದು ಹುಟ್ಟಿದ ಕಥೆ ಸ್ವಾರಸ್ಯದ್ದು. 1920ರ ದಶಕದ ಅಮೆರಿಕದಲ್ಲಿ ಕಾರಿಗೆ ಎರಡು ಬಣ್ಣ ಬಳಿಸುವುದು ಶೋಕಿಯಾಯಿತು. ಒಂದು ಬಣ್ಣ ಹೊಡೆಯುವಾಗ ಇನ್ನೊಂದು ಭಾಗವನ್ನು ಮುಚ್ಚಬೇಕಲ್ಲ, ಅದಕ್ಕೆ ಹಳೆಯ ಪೇಪರನ್ನು ಗೋಂದು ಹಾಕಿ ಅಂಟಿಸುತ್ತಿದ್ದರು. ಕೀಳುವಾಗ ಹೊಸ ಬಣ್ಣವೂ ಜೊತೆಗೇ ಬರುತ್ತಿತ್ತು. ಉಜ್ಜುಕಾಗದ ಮಾರಿಕೊಂಡಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬ ತರುಣ ಈ ಕೆಲಸಗಾರರ ಬೈಗುಳ ಕೇಳಿಸಿಕೊಂಡು, 1925ರಲ್ಲಿ, ಕಿತ್ತರೆ ಕಲೆ ಉಳಿಸದೆ ಬರುವ ಟೇಪನ್ನು ಮಾಡಿದ. ಹಿಡಿಯುವ ಅಂಟಿಗಿಂತ ಬಿಡುವ ಅಂಟನ್ನು ಮಾಡುವುದು ಕಷ್ಟವಾಗಿತ್ತು ಎಂಬುದನ್ನು ಗಮನಿಸಿ.

ಹತ್ತು ವರ್ಷದ ನಂತರ, 1935ರಲ್ಲಿ, ಲಾಸ್ ಏಂಜಲೀಸಿನ ಸ್ಟಾಂಟನ್ ಏವರಿ ಎಂಬಾತ ಹಿಂದೆ ಅಂಟು ಇರುವ ಚೀಟಿ ಮಾಡುವ ಯಂತ್ರ ಜೋಡಿಸಿದ. ಬಟ್ಟೆ ಒಗೆಯುವ ಯಂತ್ರದ ಮೋಟರು, ಹೊಲಿಗೆ ಯಂತ್ರದ ಬಿಡಿಭಾಗ ಇಂಥವೇ ಅದರ ಕೈಕಾಲು. ಉಡುಗೊರೆ ಅಂಗಡಿಯವರು ಸಾಮಾನಿನ ಮೇಲೆ ಬೆಲೆ ಅಂಟಿಸಲು, ಕೊಂಡವರು ಮನೆಗೆ ಹೋಗಿ ಕಿತ್ತೆಸೆಯಲು ಈ ಚೀಟಿ. ಬಂಡವಾಳ 100 ಡಾಲರ್ ಸಾಲ. ಕೊಟ್ಟವಳು ಅವನು ಮದುವೆಯಾಗಲಿದ್ದ ಡೊರೊತಿ ಡರ್ಫಿ. ಅವಳ ಉದ್ಯೋಗ? ಶಾಲಾ ಶಿಕ್ಷಕಿ! ಇದನ್ನು ಓದಿದ ದಿನ ನನಗೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಹಾ ಕೊಡಿಸಬೇಕೆನಿಸಿತ್ತು. ಜಗತ್ತಿನ ಸ್ಟಿಕರುಗಳಿಗೆಲ್ಲ ಒಬ್ಬ ಟೀಚರಿನ ದುಡ್ಡಿನ ಋಣವಿದೆ. ಆ ಕಂಪನಿಯ ಮೊದಲ ಹೆಸರು, ಅವರ ಅಕ್ಷರಗಳನ್ನು ನಮ್ಮವರು ಇದ್ದ ಹಾಗೇ ಓದಿದರೆ, ‘ಕುಂ-ಕ್ಲೀನ್’. ಕಲೆ ಇಲ್ಲದೆ ಬರುತ್ತದೆ ಎಂದರ್ಥ. ನನಗೆ ನೆನಪಾದದ್ದು ಕುಂಕುಮ.

ಏಕೆಂದರೆ ನಮ್ಮ ಕಡೆಯ ಹೆಂಗಸರ ಕೈಗೆ ಇಂಥ ಅಂಟು ಮೊದಲು ಬಂದದ್ದು ಟಿಕಲಿಯ ರೂಪದಲ್ಲಿ. 1980ರ ದಶಕದಲ್ಲಿ ಸ್ಟಿಕರ್ ಟಿಕಲಿ ಮನೆಮನೆಗೂ ಬಂತು. ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುವ ಸಂಭ್ರಮ ಹಿಂದಾಯಿತು. ಸಂಪ್ರದಾಯಸ್ಥ ಅಜ್ಜಿಯಂದಿರು ಗೊಣಗಿದರು. ಬಚ್ಚಲಿನ ಕನ್ನಡಿಯ ಮೇಲೆ ಚುಕ್ಕೆಗಳ ಸಾಲು ಬೆಳೆಯಿತು. ಕೆಲವರಿಗೆ ಆ ಅಂಟಿನ ರಾಸಾಯನಿಕ ಒಗ್ಗದೆ ಹಣೆಯಲ್ಲಿ ಬಿಳಿ ಕಲೆಯೂ ಆಯಿತು, ಡಾಕ್ಟರು ಬಿಡಿಸಿದರು. ಆದರೆ ಇನ್ನೊಂದು ಸಂಗತಿ ನಡೆಯಿತು, ಅದನ್ನು ಯಾರೂ ಬರೆದಿಡಲಿಲ್ಲ.

ನಮ್ಮ ಬಳಗದಲ್ಲಿ ಒಬ್ಬ ಅತ್ತೆ ನಲವತ್ತರ ಒಳಗೇ ಗಂಡನನ್ನು ಕಳೆದುಕೊಂಡಿದ್ದರು. ಅಂಕೋಲೆಯಿಂದ ಕುಮಟೆಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುವವರು. ಬಸ್ಸು ಊರು ದಾಟಿದ ಮೇಲೆ ಒಂದು ಸಾಸಿವೆಯಷ್ಟು ಕಪ್ಪು ಟಿಕಲಿ ಹಣೆಗೆ ಬರುತ್ತಿತ್ತು. ಸಂಜೆ ಊರು ಹತ್ತಿರವಾದಾಗ ಅದು ಕೊಡೆಯ ಹಿಡಿಕೆಯ ಒಳಬದಿಗೆ ಹೋಗುತ್ತಿತ್ತು. ಕುಂಕುಮವಾಗಿದ್ದರೆ ಉಜ್ಜಬೇಕು, ಉಜ್ಜಿದರೆ ಕೆಂಪು ಉಳಿಯುತ್ತದೆ, ಅತ್ತೆಯ ಅತ್ತೆಗೆ ತಿಳಿಯುತ್ತದೆ. ಟಿಕಲಿಗೆ ಸಾಕ್ಷಿಯಿಲ್ಲ. ಅವರು ತೀರಿಕೊಂಡ ಮೇಲೆ ಆ ಕೊಡೆ ನನ್ನ ಪಾಲಿಗೆ ಬಂತು. ಹಿಡಿಕೆಯಲ್ಲಿ ನಾಲ್ಕು ಟಿಕಲಿ ಇದ್ದವು, ಒಂದರಲ್ಲಿ ಇನ್ನೂ ಜಿಗುಟಿತ್ತು.

ಮೈಗೆ ಅಂಟಿಸುವುದು ಹೀಗಾಯಿತು. ಯಂತ್ರಕ್ಕೆ ಅಲಂಕಾರ ಮಾಡುವುದು ಹೊಸದೇ? ಅದೂ ಅಲ್ಲ. ಹಳೆಯ ಸಿಂಗರ್ ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ. ಕರಿಯ ಮೈ, ಅದರ ಮೇಲೆ ಚಿನ್ನದ ಬಳ್ಳಿ, ಕೆಲವು ಮಾದರಿಗಳಲ್ಲಿ ಈಜಿಪ್ಟಿನ ಸ್ಫಿಂಕ್ಸ್. ಕೈಯಿಂದ ಬಿಡಿಸಿದ್ದೆಂದು ನಾವು ತಿಳಿದಿದ್ದೆವು. ಅಲ್ಲ, ಅದೂ ಅಂಟಿಸಿದ ಚಿತ್ರವೇ. ಕಾಗದದ ಮೇಲೆ ಅಚ್ಚಾದದ್ದನ್ನು ನೀರಲ್ಲಿ ನೆನೆಸಿ, ಯಂತ್ರದ ಮೈಮೇಲೆ ಜಾರಿಸಿ ಕೂರಿಸಿ, ಮೇಲೆ ವಾರ್ನಿಶ್ ಹೊಡೆದದ್ದು. ಕಾರ್ಖಾನೆಯ ಕಬ್ಬಿಣವನ್ನು ಪಡಸಾಲೆಯ ಒಳಗೆ ಬಿಟ್ಟುಕೊಳ್ಳಲಿ ಎಂದು ಕಂಪನಿಯೇ ಅದಕ್ಕೆ ಒಡವೆ ಹಾಕಿ ಕಳಿಸಿತ್ತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರಗಳು ಬರತೊಡಗಿದಾಗ ಅವೂ ಇದೇ ದಾರಿ ಹಿಡಿದವು. ನನ್ನ ಅಮ್ಮನ ಯಂತ್ರದಲ್ಲಿ ಬಟ್ಟೆ ಎಳೆಯುವ ಎದುರು ಅಂಚಿನ ಬಳ್ಳಿ ಪೂರ್ತಿ ಸವೆದುಹೋಗಿತ್ತು. ಆ ಯಂತ್ರ ಅಪ್ಪನ ಹೆಸರಿನಲ್ಲಿ ಕಂತಿನ ಮೇಲೆ ಬಂದದ್ದು, ರಸೀದಿಯೂ ಅವರ ಹೆಸರಿನದೇ. ಅದರ ಮೇಲೆ ಹೊದಿಸುತ್ತಿದ್ದ ಗವಸು ಮಾತ್ರ ಅಮ್ಮನದು. ಅಡ್ಡಹೊಲಿಗೆಯ ಗುಲಾಬಿ, ಮೂಲೆಯಲ್ಲಿ ಅವಳ ಹೆಸರಿನ ಮೊದಲಕ್ಷರ.

ಇನ್ನೂ ಹಿಂದೆ ಹೋದರೆ ರವಿವರ್ಮ ಸಿಗುತ್ತಾನೆ. 1894ರಲ್ಲಿ ಮುಂಬಯಿಯಲ್ಲಿ ಅವನ ಛಾಪಖಾನೆ ಶುರುವಾದ ಮೇಲೆ ಲಕ್ಷ್ಮಿ, ಸರಸ್ವತಿಯರು ಕಲ್ಲಚ್ಚಿನಲ್ಲಿ ಊರೂರಿಗೆ ಬಂದರು. ನಮ್ಮ ಜಿಲ್ಲೆಯಂತೂ 1862ರಿಂದ ಮುಂಬಯಿ ಇಲಾಖೆಗೇ ಸೇರಿದ್ದು, ಕಡಲಿನ ದಾರಿಯೂ ಅತ್ತಲೇ. ಸಾವಿರ ಮನೆಗಳಿಗೆ ಒಂದೇ ಲಕ್ಷ್ಮಿ, ಒಂದೇ ಸೀರೆ, ಒಂದೇ ನಗು. ಅದನ್ನು ಹೆಂಗಸರು ಹಾಗೇ ಬಿಡಲಿಲ್ಲ. ಚಿತ್ರದ ಸೀರೆಯ ಮೇಲೆ ನಿಜವಾದ ಬಟ್ಟೆ ಅಂಟಿಸಿದರು, ಜರಿಯ ಅಂಚು ಕೂರಿಸಿದರು, ಕಿರೀಟಕ್ಕೆ ಮಿಂಚು, ಕೊರಳಿಗೆ ಮಣಿ ಹಚ್ಚಿ ಕಟ್ಟು ಹಾಕಿಸಿದರು. ಇಂಥ ಚಿತ್ರಪಟಗಳು ಈಗ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಪಂಡಿತರು ರವಿವರ್ಮನ ಬಗ್ಗೆ ಬರೆಯುತ್ತಾರೆ, ಮಣಿ ಹಚ್ಚಿದವಳ ಹೆಸರು ಯಾರಿಗೂ ಗೊತ್ತಿಲ್ಲ. ಕಾರ್ಖಾನೆಯಿಂದ ಬಂದ ಸಾವಿರದಲ್ಲೊಂದನ್ನು ‘ನಮ್ಮನೆಯದು’ ಮಾಡುವ ಕೆಲಸ ಅದು. ಆಟದ ಪೆಟ್ಟಿಗೆಗೆ ಮಕ್ಕಳು ಮಾಡುವುದೂ ಇದೇ ಕೆಲಸ.

ಈಗ ಆ ಪೆಟ್ಟಿಗೆಯ ಕಡೆ ಬರೋಣ. ನಿಂಟೆಂಡೊ ಎಂಬ ಜಪಾನಿ ಕಂಪನಿಯ ಹೆಸರನ್ನು ಇವತ್ತಿನ ಮಕ್ಕಳು ಬಲ್ಲರು. ಅದು 1889ರಲ್ಲಿ ಕ್ಯೋಟೋ ನಗರದಲ್ಲಿ ಶುರುವಾದಾಗ ವಿದ್ಯುತ್ತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅವರು ಮಾಡುತ್ತಿದ್ದುದು ಹೂವಿನ ಇಸ್ಪೀಟು, ‘ಹನಾಫುದಾ’. ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡ, ಒಟ್ಟು 48 ಎಲೆ. ಅಂದರೆ ಅಂಗೈಯಲ್ಲಿ ಹಿಡಿಯುವ ಆಟದ ಮೈಮೇಲೆ ಹೂವು ಮೊದಲಿನಿಂದಲೂ ಇತ್ತು, ಪ್ಲಾಸ್ಟಿಕ್ ಬಂದ ಮೇಲೆ ಹೋಯಿತು.

ಟೀವಿಗೆ ಜೋಡಿಸುವ ಮೊದಲ ಮನೆಯಾಟದ ಯಂತ್ರ ಅಮೆರಿಕದ ‘ಒಡಿಸ್ಸಿ’, 1972ರದು. ರಾಲ್ಫ್ ಬೇರ್ ಎಂಬ ಎಂಜಿನಿಯರನ ಕೂಸು. ಪರದೆಯ ಮೇಲೆ ಮೂರು ಬಿಳಿ ಚುಕ್ಕೆ ಮತ್ತು ಒಂದು ಗೆರೆ ಬಿಟ್ಟರೆ ಅದಕ್ಕೆ ಬೇರೇನೂ ತೋರಿಸಲು ಬರುತ್ತಿರಲಿಲ್ಲ. ಅದಕ್ಕಾಗಿ ಜೊತೆಯಲ್ಲಿ ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಕೊಡುತ್ತಿದ್ದರು. ಟೆನಿಸ್ ಆಡಬೇಕಾದರೆ ಟೆನಿಸ್ ಅಂಕಣದ ಹಾಳೆಯನ್ನು ಟೀವಿಯ ಗಾಜಿಗೆ ಹಚ್ಚುವುದು, ಭೂತದ ಮನೆಯ ಆಟಕ್ಕೆ ಭೂತದ ಮನೆಯದು. ಗೋಂದು ಬೇಕಿಲ್ಲ. ಬಾಚಣಿಗೆಯನ್ನು ತಲೆಗೆ ಉಜ್ಜಿದರೆ ಕಾಗದದ ಚೂರು ಹಾರಿ ಕೂರುತ್ತದಲ್ಲ, ಆ ವಿದ್ಯುತ್ತಿನಿಂದಲೇ ಹಾಳೆ ಗಾಜಿಗೆ ಅಂಟುತ್ತಿತ್ತು. ಆಟ ಮುಗಿದ ಮೇಲೆ ಕಿತ್ತಿಡುವುದು. ಒಳಗೆ ಚುಕ್ಕೆ, ಹೊರಗೆ ಬಣ್ಣ. ವಿಡಿಯೋ ಗೇಮು ಹುಟ್ಟಿದ್ದೇ ರವಿಕೆ ತೊಟ್ಟುಕೊಂಡು ಎಂದು ನಾನು ವಾದಿಸಬಲ್ಲೆ.

ಅಂಗೈಗೆ ಅದು ಇಳಿದದ್ದು 1980ರಲ್ಲಿ, ‘ಗೇಮ್ ಅಂಡ್ ವಾಚ್’ ಆಗಿ. ಗುಂಪೆಯಿ ಯೊಕೊಯಿ ಎಂಬಾತ, ರೈಲಿನಲ್ಲಿ ಬೇಸರದಿಂದ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತವನನ್ನು ನೋಡಿ ಹೊಳೆಯಿಸಿಕೊಂಡದ್ದು ಎನ್ನುತ್ತಾರೆ. 1989ರಲ್ಲಿ ಬಂದ ‘ಗೇಮ್ ಬಾಯ್’ ಜಗತ್ತನ್ನೇ ಹಿಡಿಯಿತು. ಬಣ್ಣದ ಪರದೆಯ ತಮ್ಮನೂ ಸೇರಿ 11 ಕೋಟಿಗೂ ಹೆಚ್ಚು ಮಾರಾಟ. ಆದರೆ ಮೊದಲ ಆರು ವರ್ಷ ಅದರ ಮೈಬಣ್ಣ ಸಾಮಾನ್ಯವಾಗಿ ಒಂದೇ, ಒದ್ದೆ ಬೂದಿಯ ಬಣ್ಣ. 1995ರಲ್ಲಷ್ಟೇ ಕೆಂಪು, ಹಸಿರು, ಹಳದಿ ಕವಚಗಳು ಬಂದವು. ಅಷ್ಟರಲ್ಲಿ ಮಕ್ಕಳು ಕಾಯಲಿಲ್ಲ. ಹಣ್ಣಿನ ಮೇಲಿನ ಚೀಟಿ, ಚೂಯಿಂಗ್ ಗಮ್ಮಿನ ಜೊತೆ ಬಂದ ಚಿತ್ರ, ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚಿದರು.

ಕಾರವಾರಕ್ಕೆ ಇಂಥ ಸಾಮಾನು ಬರುವ ದಾರಿ ಹಳೆಯದು. ಕಾಳಿ ನದಿ ದಾಟಿದರೆ ಸದಾಶಿವಗಡ, ಮಾಜಾಳಿ, ಅದರಾಚೆ ಗೋವಾ. 1961ರ ಡಿಸೆಂಬರ್ ತನಕ ಅದು ಪೋರ್ಚುಗೀಸರದು, ವಿದೇಶಿ ಮಾಲಿನ ಬಾಗಿಲು. ನಮ್ಮ ಹಿರಿಯರ ಮಾತಿನಲ್ಲಿ ‘ಗೋವಾ ಮಾಲು’ ಎಂದರೆ ಒಂದು ಕಣ್ಣು ಹೊಡೆದು ಹೇಳುವ ಶಬ್ದ. ಆಮೇಲೆ ಕೊಲ್ಲಿಗೆ ಹೋದವರು, ಹಡಗಿನ ಕೆಲಸಕ್ಕೆ ಹೋದವರು ತಂದ ಸೂಟ್‌ಕೇಸುಗಳು. ಕಾಳಿಗೆ ಸೇತುವೆಯಾದ ಮೇಲೆ ದಾಟುವುದು ಸಲೀಸಾಯಿತು. (2024ರ ಆಗಸ್ಟ್ 7ರ ರಾತ್ರಿ ಕುಸಿದುಬಿದ್ದದ್ದು ಅದೇ ಹಳೆಯ ಸೇತುವೆ.) ನಿಜವಾದ ಗೇಮ್ ಬಾಯ್ ನೋಡಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಬಂದದ್ದು ಚೀನಾದ ‘ಬ್ರಿಕ್ ಗೇಮ್’. 1990ರ ದಶಕದ ಕೊನೆಗೆ ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ, ಎಲ್ಲೆಂದರಲ್ಲಿ. ರಷ್ಯದ ಅಲೆಕ್ಸಿ ಪಾಜಿತ್ನೊವ್ 1984ರಲ್ಲಿ ಕಟ್ಟಿದ ‘ಟೆಟ್ರಿಸ್’ ಎಂಬ ಇಟ್ಟಿಗೆ ಜೋಡಿಸುವ ಆಟವೇ ಅದರ ಜೀವ. ಪೆಟ್ಟಿಗೆಯ ಮೇಲೆ ‘9999 ಆಟಗಳು’ ಎಂದು ಬರೆದಿರುತ್ತಿತ್ತು. ಒಂದೇ ಆಟವನ್ನು ನಿಧಾನ, ಬೇಗ, ಇನ್ನೂ ಬೇಗ ಎಂದು ಎಣಿಸಿದ ಲೆಕ್ಕ ಅದು. ಗಣಿತದ ಮೇಷ್ಟ್ರಿಗೆ ತೋರಿಸಿದರೆ ಕಿವಿ ಹಿಂಡುತ್ತಿದ್ದರು.

ನಮ್ಮೂರಿನ ಇತಿಹಾಸದ ಇನ್ನೊಂದು ಎಳೆ ಇಲ್ಲಿ ಬಂದು ಸೇರುತ್ತದೆ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಇಟ್ಟ ಸೀಬರ್ಡ್ ನೌಕಾನೆಲೆ ಯೋಜನೆ. ಕಾರವಾರದ ಅರಗಾದಿಂದ ಅಂಕೋಲೆಯ ಹಾರವಾಡದ ಕಡೆಯವರೆಗೆ ಕಡಲತೀರದ ಊರುಗಳ ಸಾವಿರಾರು ಕುಟುಂಬಗಳು ಮನೆ, ತೋಟ, ದೋಣಿ ಎಳೆಯುವ ದಡ ಎಲ್ಲ ಬಿಟ್ಟು ತೊಡೂರು, ಮುದಗಾ ಮುಂತಾದ ಕಡೆಯ ಪುನರ್ವಸತಿ ಕಾಲೊನಿಗಳಿಗೆ ಹೋದರು. ಪರಿಹಾರದ ಮೊಕದ್ದಮೆಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆದವು. 2005ರ ಮೇ 31ರಂದು ‘ಐಎನ್ಎಸ್ ಕದಂಬ’ ಕಾರ್ಯಾರಂಭ ಮಾಡಿತು. ಹೋದವರ ಜಾಗಕ್ಕೆ ಪಂಜಾಬು, ಬಿಹಾರ, ಕೇರಳದ ನೌಕಾಪಡೆಯ ಕುಟುಂಬಗಳು ಬಂದವು.

ಆ ಕ್ವಾರ್ಟರ್ಸಿನ ಇಬ್ಬರು ಹುಡುಗರು ಕನ್ನಡ ಕಲಿಯಲೆಂದು ಕೆಲ ಕಾಲ ನನ್ನ ಮನೆಗೆ ಬರುತ್ತಿದ್ದರು. ದೊಡ್ಡವನ ಹತ್ತಿರ ಸೋನಿಯವರ ‘ಪಿಎಸ್‌ಪಿ’ ಇತ್ತು. 2004ರ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ, ಆಗಿನ ಕಾಲಕ್ಕೆ ಬಲು ಒಯ್ಯಾರದ ಯಂತ್ರ. ಅದಕ್ಕೆ ಮುಂಬಯಿಯಿಂದ ತರಿಸಿದ ಸಿದ್ಧ ಸ್ಕಿನ್, ನೀಲಿ ಬೆಂಕಿಯ ಚಿತ್ರದ್ದು. ನಾನು ಮೊದಲ ಬಾರಿಗೆ ಮುಟ್ಟಿ ನೋಡಿದ್ದು ಅದನ್ನೇ. ಬಸ್ಸು, ಕಾರಿಗೆ ಜಾಹೀರಾತು ಹೊದಿಸುವ ವಿನೈಲ್ ಹಾಳೆ ಅದು. ಅಂಟಿನ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿರುತ್ತವೆಯಂತೆ, ಗದ್ದೆಯ ಕಾಲುವೆಯ ಹಾಗೆ. ಒತ್ತುವಾಗ ಒಳಗೆ ಸಿಕ್ಕಿದ ಗಾಳಿ ಅವುಗಳ ಮೂಲಕ ಹೊರಗೆ ಹೋಗುತ್ತದೆ, ಗುಳ್ಳೆ ಏಳುವುದಿಲ್ಲ. ಹಪ್ಪಳ ಕರಿಯುವವರಿಗೆ ಗುಳ್ಳೆ ಬೇಕು, ಇವರಿಗೆ ಬೇಡ.

ಹುಡುಗನ ತಾಯಿಗೆ ಈ ಹಾಳೆಗಳ ಬಗ್ಗೆ ನನಗಿಂತ ಹೆಚ್ಚು ಗೊತ್ತಿತ್ತು. ಸರಕಾರಿ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬೇರೆ ಊರು. ಆಕೆಯ ಮನೆಯಲ್ಲಿ ಫ್ರಿಜ್ಜಿನ ಮೇಲೆ, ಕಪಾಟಿನ ಬಾಗಿಲ ಮೇಲೆ, ಸ್ನಾನದ ಮನೆಯ ಹೆಂಚಿನ ಮೇಲೆ ಕೀಳಬಹುದಾದ ಹೂವು, ಕೀಳಬಹುದಾದ ಚಿಟ್ಟೆ. ವರ್ಗವಾಗಿ ಹೊರಡುವ ಹಿಂದಿನ ದಿನ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು ಒಂದೊಂದನ್ನೇ ಬಿಡಿಸುತ್ತ, “ಟೀಚರ್, ಇದು ನನಗೆ ಐದನೇ ಮನೆ, ಒಂದು ಗೋಡೆಗೂ ನನ್ನ ಗುರುತಿಲ್ಲ” ಎಂದಿದ್ದರು. ಅಂಟು ಉಳಿದ ಕಡೆ ತೆಂಗಿನೆಣ್ಣೆ ಸವರಿದರೆ ಹೋಗುತ್ತದೆ ಎಂದು ನಾನು ಹೇಳಿದೆ. ನಮ್ಮ ಕಡೆಯಿಂದ ಆಕೆ ತೆಗೆದುಕೊಂಡು ಹೋದ ವಿದ್ಯೆ ಅದೊಂದೇ ಇರಬಹುದು.

ಅದೇ ಹೊತ್ತಿಗೆ, 2007ರ ಸುಮಾರಿಗೆ, ನಾನು ಪಾಠ ಮಾಡುತ್ತಿದ್ದ ಹೈಸ್ಕೂಲಿನ ಎಂಟನೇ ಇಯತ್ತೆಯಲ್ಲಿ ಕಾಲೊನಿಯಿಂದ ಬರುವ ಒಬ್ಬ ಹುಡುಗಿಯಿದ್ದಳು. ಒಂದು ಮಧ್ಯಾಹ್ನ ಅವಳ ಪಾಟೀಚೀಲದಲ್ಲಿ ಬ್ರಿಕ್ ಗೇಮ್ ಸಿಕ್ಕಿತು. ಸಿಕ್ಕಿದ್ದು ನನಗಲ್ಲ, ಹೆಡ್‌ಮಾಸ್ತರಿಗೆ. ಕಸಿದುಕೊಂಡು ಆಫೀಸಿನ ಕಪಾಟಿನಲ್ಲಿ ಇಟ್ಟರು. ಯಾರದ್ದೋ ಅವರೇ ಬಂದು ಬಿಡಿಸಿಕೊಂಡು ಹೋಗಬೇಕೆಂದು ಅಪ್ಪಣೆಯಾಯಿತು. ಕ್ಲಾಸ್ ಟೀಚರ್ ಎಂದು ನನ್ನನ್ನು ಕರೆಸಿದಾಗ ಅದನ್ನು ಕೈಗೆ ತೆಗೆದುಕೊಂಡು ನೋಡಿದೆ. ನೋಡುತ್ತಲೇ ಇದ್ದೆ.

ಪೆಟ್ಟಿಗೆಯ ಮುಂಭಾಗಕ್ಕೆ ದಪ್ಪ ಡ್ರಾಯಿಂಗ್ ಹಾಳೆಯ ಹೊದಿಕೆ. ಕೆಂಪು ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಬಿಳಿಯ ಚುಕ್ಕೆ, ಬಿಳಿಯ ಎಳೆ, ಅಂಚಿಗೆ ಸಣ್ಣ ಸಣ್ಣ ತೇರಿನಂಥ ಸಾಲು. ಬಿಳಿ ಯಾವುದೆಂದರೆ, ತಪ್ಪು ಅಳಿಸುವ ವೈಟ್ನರ್. ಮೇಲೆ ಪಾರದರ್ಶಕ ಟೇಪಿನ ಹೊಳಪು. ಪರದೆಗೆ ಚೌಕ, ಗುಂಡಿಗಳಿಗೆ ಐದಾರು ದುಂಡು ಕಾಜ, ಎಲ್ಲವೂ ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿದ್ದು. ಹೇಗೆ ಮಾಡಿದೆಯೇ ಎಂದು ಕೇಳಿದೆ. ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದಲ್ಲ, ಹಾಗೆ ಪೆಟ್ಟಿಗೆಯ ಮೇಲೆ ತೆಳುಹಾಳೆಯಿಟ್ಟು ಉಜ್ಜಿ ಅಳತೆ ತೆಗೆದಿದ್ದಳು. ಬ್ಲೇಡಿನ ತುಂಡಿನಿಂದ ಕತ್ತರಿಸಿದ್ದಳು. ಎರಡೂ ಬದಿ ಅಂಟಿರುವ ಟೇಪನ್ನು ನಾಲ್ಕು ಮೂಲೆಗೆ ಮಾತ್ರ, ಉಗುರಿನಷ್ಟು ಇಟ್ಟಿದ್ದಳು.

ಚಿತ್ತಾರ ಅಜ್ಜಿಯದು. ಹಳೆಯ ಊರಿನ ಮನೆಯಲ್ಲಿ ತುಳಸಿಕಟ್ಟೆಗೆ ಕೆಮ್ಮಣ್ಣು ಸಾರಿಸಿ ಶೇಡಿಯಿಂದ ಬರೆಯುತ್ತಿದ್ದುದಂತೆ. ಕಾಲೊನಿಯ ಸಿಮೆಂಟಿನ ಮನೆಯಲ್ಲಿ ಅಜ್ಜಿ ಬರೆಯುವುದನ್ನು ಬಿಟ್ಟಿದ್ದರು. ಹುಡುಗಿಗೆ ಹಳೆಯ ಮನೆಯ ನೆನಪು ಅಷ್ಟಕ್ಕಷ್ಟೇ, ಬಿಟ್ಟಾಗ ಐದು ವರ್ಷ. ಅಜ್ಜಿಯ ಹತ್ತಿರ ಪಟ್ಟಿಯ ಹಿಂದಿನ ಹಾಳೆಯಲ್ಲಿ ಬರೆಸಿಕೊಂಡು ಕಲಿತದ್ದಂತೆ.

“ಇದು ಯಾರದೇ?”

“ಅಣ್ಣಂದು ಅಕ್ಕೋರೇ.”

“ಮತ್ತೆ ಇದನ್ನ ಹಚ್ಚಿದ್ದು?”

“ಅದ್ ನಂದು. ಅಣ್ಣ ಬೋಟಿಗೆ ಹೋದಾಗ ಹಚ್ತೆ. ಬಂದ್ರೆ ತೆಗೀತೆ. ತೆಗದ್ರೆ ಮತ್ತೆ ಅವಂದೇ ಆಗ್ತದೆ.”

ಅಣ್ಣ ಮಲ್ಪೆಯ ಕಡೆ ಬೋಟಿನ ಕೆಲಸದಲ್ಲಿದ್ದ. ಮಳೆಗಾಲದಲ್ಲಿ ಬೋಟು ದಡ ಸೇರಿದಾಗಷ್ಟೇ ಮನೆಗೆ. ಅವನ ದುಡ್ಡಿನ ಆಟ, ಅವನದೇ. ಅದರಲ್ಲಿ ಅವಳಿಗೆ ತಕರಾರಿರಲಿಲ್ಲ. ಹೆಡ್‌ಮಾಸ್ತರ ಮುಂದೆ ನಿಂತು ಅವಳು ಆಟದ ಪೆಟ್ಟಿಗೆ ಕೊಡಿ ಎಂದು ಒಮ್ಮೆಯೂ ಕೇಳಲಿಲ್ಲ. ಅಣ್ಣ ಬಂದಾಗ ಬಂದು ಒಯ್ಯುತ್ತಾನೆ ಎಂದಳು. “ಮೇಲಿಂದ್ ಮಾತ್ರ ಕೊಡ್ತ್ರಾ?” ಎಂದು ಕೇಳಿದಳು. ಹೆಡ್‌ಮಾಸ್ತರಿಗೆ ಅರ್ಥವಾಗಲಿಲ್ಲ. ನಾನೇ ಒಂದು ಮೂಲೆಯಲ್ಲಿ ಉಗುರು ಹಾಕಿ ಎತ್ತಿದೆ. ನಾಲ್ಕೂ ಮೂಲೆ ಸಪ್ಪಳವಿಲ್ಲದೆ ಬಿಟ್ಟವು. ಪೆಟ್ಟಿಗೆಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳು ಅದನ್ನು ಇತಿಹಾಸದ ಪುಸ್ತಕದೊಳಗೆ ಇಟ್ಟುಕೊಂಡು ಹೋದಳು. ಇತಿಹಾಸದ ಪುಸ್ತಕವೇ ಯಾಕೆಂದರೆ ಅದು ಎಲ್ಲಕ್ಕಿಂತ ದಪ್ಪ, ಬೇರೇನೂ ಕಾರಣವಿಲ್ಲ. ಮಳೆ ಹಿಡಿದ ಮೇಲೆ ಅಣ್ಣ ಬಂದು ಸಹಿ ಹಾಕಿ ಪೆಟ್ಟಿಗೆ ಒಯ್ದ.

ಮಕ್ಕಳ ಕೈಯಿಂದ ಇಂಥವನ್ನು ಕಸಿಯುವುದನ್ನು ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಐವತ್ತು ಮಕ್ಕಳ ಕ್ಲಾಸಿನಲ್ಲಿ ಟುಯ್ ಟುಯ್ ಎನ್ನುವ ಯಂತ್ರವಿಟ್ಟುಕೊಂಡು ಪಾನಿಪತ್ ಯುದ್ಧ ನಡೆಸಲಿಕ್ಕಾಗುವುದಿಲ್ಲ. ಆದರೆ ‘ಯಾರದ್ದೋ ಅವರೇ ಬರಲಿ’ ಎಂಬ ನಿಯಮ ಮಾಡುವಾಗ, ಒಂದು ವಸ್ತುವಿಗೆ ಒಬ್ಬರೇ ಯಜಮಾನರಿರುತ್ತಾರೆ ಎಂದು ನಾವು ಲೆಕ್ಕ ಹಾಕಿರುತ್ತೇವೆ. ಆ ಲೆಕ್ಕದಲ್ಲಿ ಮನೆಯ ಹೆಣ್ಣುಮಕ್ಕಳು ಎಲ್ಲೂ ಬರುವುದಿಲ್ಲ.

ಈಗ ಅಂಗಡಿಯಲ್ಲಿ ಉಜ್ಜಿ ಅಳತೆ ತೆಗೆಯುವ ತಾಪತ್ರಯವಿಲ್ಲ. ಕಂಪ್ಯೂಟರಿನಲ್ಲಿ ಯಂತ್ರದ ಮಾದರಿ ಹೇಳಿದರೆ ಸಣ್ಣ ಚೂರಿಯ ಯಂತ್ರ ಐದು ನಿಮಿಷದಲ್ಲಿ ಹಾಳೆ ಕತ್ತರಿಸಿ ಕೊಡುತ್ತದೆ. ಕಾಜ ತಪ್ಪುವುದೇ ಇಲ್ಲ. ಕಾಲೇಜು ಹುಡುಗರು ಹೆಚ್ಚಾಗಿ ಕಪ್ಪು ಕೇಳುತ್ತಾರೆ. ಕಪ್ಪು ಯಂತ್ರಕ್ಕೆ ಕಪ್ಪು ಹೊದಿಕೆ! ಆ ರಸಿಕತೆ ನನಗೆ ತಿಳಿಯದು. ಕೆಲವು ಹೆಂಗಸರು ಫೋನಿನಲ್ಲಿ ತಮ್ಮದೇ ಚಿತ್ರ ತಂದು ಅಚ್ಚು ಹಾಕಿಸುತ್ತಾರೆ, ಮಗುವಿನದು, ಮನೆಯದು, ಒಬ್ಬಾಕೆ ತಮ್ಮ ಎಮ್ಮೆಯದು.

ಕಿತ್ತರೆ ಕಲೆ ಇಲ್ಲದೆ ಬರುತ್ತದೆ ಎಂಬ ಮಾತು ಎಲ್ಲ ಸಲವೂ ನಡೆಯುವುದಿಲ್ಲ. 2017ರಲ್ಲಿ ನಿಂಟೆಂಡೊದ ‘ಸ್ವಿಚ್’ ಎಂಬ ಕೈಯಂತ್ರ ಬಂದಾಗ, ಸ್ಕಿನ್ ಮಾಡುವ ಕೆನಡಾದ ಒಂದು ಕಂಪನಿ ಮಾರಾಟವನ್ನೇ ನಿಲ್ಲಿಸಿ ದುಡ್ಡು ಹಿಂದಕ್ಕೆ ಕೊಡಬೇಕಾಯಿತು. ಸ್ಕಿನ್ ತೆಗೆದರೆ ಯಂತ್ರದ ಮೇಲಿನ ಬಣ್ಣದ ಪದರವೂ ಎದ್ದು ಬರುತ್ತಿತ್ತು. ರಿಚರ್ಡ್ ಡ್ರೂ ಕೇಳಿಸಿಕೊಂಡ ಬೈಗುಳ ಸುಮಾರು ನೂರು ವರ್ಷದ ಮೇಲೆ ಮತ್ತೆ ಕೇಳಿಬಂತು.

ಹಳೆಯ ಬೂದು ಗೇಮ್ ಬಾಯ್‌ಗಳನ್ನು ಈಗ ದೊಡ್ಡ ಬೆಲೆಗೆ ಕೂಡಿಹಾಕುವವರಿದ್ದಾರೆ. ಅವರು ಹೇಳುವುದು ಬೇರೆ ಥರದ ಕಲೆಯ ಕಥೆ. ಆ ಪ್ಲಾಸ್ಟಿಕ್ಕಿಗೆ ವಯಸ್ಸಾದಂತೆ, ಬಿಸಿಲು ತಾಗಿದಂತೆ ಮೈ ಹಳದಿಯಾಗುತ್ತದೆ. ಮೂವತ್ತು ವರ್ಷದ ಹಿಂದೆ ಯಾವುದೋ ಮಗು ಹಚ್ಚಿದ ಸ್ಟಿಕರನ್ನು ಕಿತ್ತರೆ ಅದರ ಕೆಳಗಿನ ಭಾಗ ಮಾತ್ರ ಹೊಸದರ ಹಾಗೇ ಬೂದಾಗಿ ಉಳಿದಿರುತ್ತದೆ, ನಕ್ಷತ್ರದ ಸ್ಟಿಕರಾದರೆ ನಕ್ಷತ್ರದ ಆಕಾರದಲ್ಲಿ. ಅಂಥದನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಸಮ ಮಾಡುವವರಿದ್ದಾರೆ. ನಕ್ಷತ್ರವನ್ನು ಹಾಗೇ ಬಿಡುವವರೂ ಇದ್ದಾರೆ.